ನಾಲಗೆಯ ಬಿಳುಪು

ಕನ್ನಡ ಪಾಠ ಹೇಳುವವನಿಗೆ ನಾಲಗೆಯೇ ಬಂಡವಾಳ. ಬಡಗಿಗೆ ಉಳಿ, ಒಕ್ಕಲಿಗನಿಗೆ ನೇಗಿಲು, ನನ್ನಂಥವನಿಗೆ ನಾಲಗೆ. ಬಡಗಿಯಾದರೂ ತನ್ನ ಉಳಿಯನ್ನು ಆಗಾಗ ಮಸೆಯುತ್ತಾನೆ; ಒಕ್ಕಲಿಗ ಮಳೆಗೆ ಮುಂಚೆ ನೇಗಿಲ ಗುಳವನ್ನು ತಟ್ಟಿಸಿಕೊಂಡು ಬರುತ್ತಾನೆ. ನಾನು ಮಾತ್ರ ಇಪ್ಪತ್ತು ವರ್ಷಗಳಿಂದ ಈ ನಾಲಗೆಯನ್ನು ದುಡಿಸಿಕೊಂಡು ಉಂಡಿದ್ದೇನೆಯೇ ಹೊರತು, ಒಂದು ದಿನವಾದರೂ ಅದನ್ನು ಹೊರಕ್ಕೆ ಚಾಚಿ ಹೇಗಿದೆಯೆಂದು ನೋಡಿದವನಲ್ಲ. ತರಗತಿಯಲ್ಲಿ ದಂತ್ಯ, ಮೂರ್ಧನ್ಯ ಎಂದು ನಾಲಗೆ ಎಲ್ಲೆಲ್ಲಿ ತಾಗಬೇಕೆಂಬುದನ್ನು ಹುಡುಗರಿಗೆ ವಿವರಿಸುತ್ತೇನೆ. ಲಕಾರಕ್ಕೂ ಳಕಾರಕ್ಕೂ ವ್ಯತ್ಯಾಸ ತೋರಿಸಲು ಬಾಯಿ ತೆರೆದು ನಿಲ್ಲುತ್ತೇನೆ. ಆ ಹುಡುಗರು ನನ್ನ ನಾಲಗೆಯನ್ನು ನನಗಿಂತ ಹೆಚ್ಚು ಸಲ ನೋಡಿರಬೇಕು. ನಾಲಗೆ ಒಳ್ಳೆಯದಾದರೆ ನಾಡೆಲ್ಲ ಒಳ್ಳೆಯದು ಎಂಬ ಗಾದೆಯನ್ನು ಎಷ್ಟು ಸಲ ವಿಸ್ತರಿಸಿ ಬರೆಯಿಸಿದ್ದೇನೋ ಲೆಕ್ಕವಿಲ್ಲ. ಆ ಗಾದೆಯಲ್ಲಿ ಹೇಳಿರುವುದು ಮಾತಿನ ಸಂಗತಿ, ಮಾಂಸದ ಸಂಗತಿಯಲ್ಲ ಎಂದುಕೊಂಡು ನೆಮ್ಮದಿಯಾಗಿದ್ದೆ.

ಹೋದ ವರ್ಷ ಮಾಗಿಯ ಒಂದು ಬೆಳಗ್ಗೆ ಆ ನೆಮ್ಮದಿ ಕೆಟ್ಟಿತು. ಎರಡು ಮೂರು ದಿನದಿಂದ ಊಟ ಯಾಕೋ ಸಪ್ಪೆ ಎನ್ನಿಸುತ್ತಿತ್ತು. ಉಪ್ಪು ಕಡಮೆಯಾಗಿದೆ ಎಂದು ಮನೆಯವಳ ಮೇಲೆ ಒಂದು ಸಲ, ಹುಳಿ ಸಾಲದು ಎಂದು ಇನ್ನೊಂದು ಸಲ ದೂರು ಹೇಳಿದೆ. ಸಾರು ತಾಗಿದ ಕಡೆ ಉರಿ. ಮಾತನಾಡಲು ಹೋದರೆ ಳಕಾರ ಎಳೆದಾಡುತ್ತಿತ್ತು. ಮೂರನೆಯ ದಿನ ನನ್ನಾಕೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, “ರೀ, ಒಂದು ಸಲ ಬಾಯಿ ತೆಗೀರಿ ನೋಡೋಣ” ಎಂದಳು. ತೆರೆದೆ. “ಇದೇನ್ರೀ ಇದು, ಎಲೆಅಡಿಕೆಗೆ ಮುಂಚೆ ಸುಣ್ಣ ನೆಕ್ಕಿಬಿಟ್ಟಿದೀರಾ?” ಎಂದು ನಕ್ಕಳು. ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ನಾಲಗೆಯ ಮೇಲೆ, ಕೆನ್ನೆಯ ಒಳಬದಿಯಲ್ಲಿ, ಒಡೆದ ಹಾಲಿನ ಗಟ್ಟಿಯಂತೆ ಬಿಳಿಯ ಚಕ್ಕೆಗಳು ಅಂಟಿಕೊಂಡಿದ್ದುವು. ಬೆರಳಿನಿಂದ ಒಂದನ್ನು ಉಜ್ಜಿದೆ, ಕಿತ್ತು ಬಂದಿತು. ಕೆಳಗೆ ಕೆಂಪಗೆ, ಹಸಿಯಾಗಿ, ಸುಟ್ಟ ಗಾಯದಂತೆ ಚರ್ಮ ಕಾಣಿಸಿತು. ನನ್ನಾಕೆಯ ನಗು ಅಷ್ಟಕ್ಕೇ ನಿಂತಿತು. ನಾನು ನಗಲೇ ಇಲ್ಲ. ಏಕೆಂದರೆ ಆ ಬಿಳುಪನ್ನು ನಾನು ಹಿಂದೆ ಒಮ್ಮೆ ಬೇರೊಬ್ಬರ ಬಾಯಲ್ಲಿ ನೋಡಿದ್ದೆ. ಆ ಮಾತನ್ನು ಸ್ವಲ್ಪ ತಡೆದು ಹೇಳುತ್ತೇನೆ.

ನಮ್ಮ ಬೀದಿಯ ಡಾಕ್ಟರರು ಹಳೆಯ ಸ್ನೇಹಿತರು. ಮರದ ಚಪ್ಪಟೆ ಕಡ್ಡಿಯಿಂದ ನಾಲಗೆಯನ್ನು ಒತ್ತಿ, ಟಾರ್ಚು ಬಿಟ್ಟು ನೋಡಿ, “ಕ್ಯಾಂಡಿಡಾ” ಎಂದರು. ಆಮೇಲೆ ಪ್ರಶ್ನೆಗಳ ಸುರಿಮಳೆ. ಸಕ್ಕರೆ ಕಾಯಿಲೆ ಉಂಟೇ? ಇತ್ತೀಚೆಗೆ ಆಂಟಿಬಯಾಟಿಕ್ ಮಾತ್ರೆ ನುಂಗಿದ್ದುಂಟೇ? ಕಟ್ಟಿಸಿದ ಹಲ್ಲೇ? ಬೀಡಿ ಸಿಗರೇಟೇ? ಎಲ್ಲಕ್ಕೂ ಇಲ್ಲ ಇಲ್ಲ ಎಂದೆ. “ಉಬ್ಬಸಕ್ಕೆ ಇನ್‌ಹೇಲರ್ ಎಳೀತಾ ಇದ್ದೀರಲ್ಲ, ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳ್ತೀರಾ?” ಎಂದರು. ನಾನು ಸುಮ್ಮನಾದೆ. ನನಗೆ ಉಬ್ಬಸ ಬಂದು ವರ್ಷಗಳಾದುವು. ಸೀಮೆಸುಣ್ಣದ ಧೂಳಿನಿಂದ ಬಂದದ್ದು ಎಂದು ನಾನು ಹೇಳಿಕೊಳ್ಳುವುದು ವಾಡಿಕೆ. ನಾಲ್ಕು ತಿಂಗಳ ಹಿಂದೆ ಅವರೇ ಸ್ಟಿರಾಯ್ಡ್ ಇರುವ ಇನ್‌ಹೇಲರನ್ನು ಬರೆದುಕೊಟ್ಟು, ಬಾಯಿ ಮುಕ್ಕಳಿಸಬೇಕೆಂದು ಎರಡು ಸಲ ಹೇಳಿದ್ದರು. ಬೆಳಗ್ಗೆ ಮೊದಲನೆಯ ಪೀರಿಯಡ್ಡಿಗೆ ಓಡುವವನು ಎಳೆದುಕೊಂಡು ಓಡುತ್ತಿದ್ದೆನೇ ಹೊರತು ಮುಕ್ಕಳಿಸುವ ವ್ಯವಧಾನವಿರಲಿಲ್ಲ.

“ನೋಡಿ ಮೇಷ್ಟ್ರೇ,” ಎಂದು ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು, “ಇದು ಹೊರಗಡೆಯಿಂದ ಬಂದ ನೆಂಟ ಅಲ್ಲ, ನಿಮ್ಮ ಬಾಯಲ್ಲೇ ಇದ್ದ ಬಾಡಿಗೆದಾರ. ಬ್ರೆಡ್ಡು ಉಬ್ಬಿಸೋ ಯೀಸ್ಟ್ ಇದೆಯಲ್ಲ, ಅದರ ದಾಯಾದಿ. ಗಟ್ಟಿಮುಟ್ಟಾಗಿರೋ ಮೂವರನ್ನು ನಿಲ್ಲಿಸಿದರೆ ಅವರಲ್ಲಿ ಒಬ್ಬರ ಬಾಯಲ್ಲಾದರೂ ಇದು ಇರುತ್ತೆ. ಗುಂಡಗೆ, ಸಣ್ಣಗೆ, ತನ್ನ ಪಾಡಿಗೆ ತಾನು ಇರುತ್ತೆ. ಜೊಲ್ಲು ಅದನ್ನು ತೊಳೀತಾ ಇರುತ್ತೆ. ಬಾಯಲ್ಲಿರೋ ಬೇರೆ ಕ್ರಿಮಿಗಳು ಅದಕ್ಕೆ ಹೆಚ್ಚು ಜಾಗ ಬಿಡೋಲ್ಲ. ರಕ್ತದಲ್ಲಿರೋ ತಳವಾರರು ಕಣ್ಣಿಟ್ಟಿರ್ತಾರೆ. ತಳವಾರ ಮಲಗಿದ ಅನ್ನಿ, ಆಗ ನೋಡಿ ಇದರ ಆಟ. ಗುಂಡಗಿದ್ದದ್ದು ದಾರದ ಹಾಗೆ ಉದ್ದ ಆಗುತ್ತೆ, ಚರ್ಮದೊಳಕ್ಕೆ ಬೇರು ಬಿಡುತ್ತೆ. ವಾಸ ಇರೋದು ಬೇರೆ, ರೋಗ ಮಾಡೋದು ಬೇರೆ. ಎರಡಕ್ಕೂ ನಡುವೆ ಇರೋದು ಆ ತಳವಾರ.”

ಹೆಸರಿನ ಬೆನ್ನು ಹತ್ತುವುದು ಭಾಷೆಯ ಮೇಷ್ಟ್ರ ಚಾಳಿ. ಈ ಪ್ರಾಣಿಯ ಪೂರ್ತಿ ಹೆಸರು ಕ್ಯಾಂಡಿಡಾ ಆಲ್ಬಿಕನ್ಸ್. ಕ್ಯಾಂಡಿಡಾ ಎಂಬ ಕುಲನಾಮವನ್ನು 1923ರಲ್ಲಿ ಹಾಲೆಂಡಿನ ಕ್ರಿಸ್ಟೀನ್ ಬರ್ಕ್‌ಹೌಟ್ ಎಂಬ ವಿದುಷಿ ಇಟ್ಟರು. ಲ್ಯಾಟಿನ್ನಿನಲ್ಲಿ ಮೊದಲ ಮಾತಿಗೆ ಹೊಳೆಯುವ ಬಿಳಿ ಎಂದೂ ಎರಡನೆಯದಕ್ಕೆ ಬೆಳ್ಳಗಾಗುವ ಎಂದೂ ಅರ್ಥ. ಬಿಳಿಯ ಮೇಲೆ ಬಿಳಿ. ನಮ್ಮಲ್ಲಿ ಬಟ್ಟಬಯಲು, ತುತ್ತತುದಿ ಎನ್ನುವುದಿಲ್ಲವೇ, ಹಾಗೆ ಇದೂ ಒಂದು ಬಗೆಯ ದ್ವಿರುಕ್ತಿ. ಅಷ್ಟೇ ಅಲ್ಲ. ಹಿಂದೆ ರೋಮಿನಲ್ಲಿ ಅಧಿಕಾರದ ಚುನಾವಣೆಗೆ ನಿಲ್ಲುವವರು ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ನಿಲುವಂಗಿಯನ್ನು ಹೊದ್ದು ಬೀದಿಯಲ್ಲಿ ಓಡಾಡುತ್ತಿದ್ದರಂತೆ. ಅವರಿಗೆ ಬಿಳಿಯುಡುಗೆಯವರು ಎಂದು ಹೆಸರಾಯಿತು. ಕ್ಯಾಂಡಿಡೇಟ್ ಎಂಬ ಮಾತು ಹುಟ್ಟಿದ್ದು ಹೀಗೆ. ನನ್ನ ನಾಲಗೆಯೂ ಸೀಮೆಸುಣ್ಣ ಬಳಿದುಕೊಂಡು ಯಾವುದೋ ಪರೀಕ್ಷೆಗೆ ನಿಂತ ಅಭ್ಯರ್ಥಿಯಂತೆ ಇದೆ ಎಂದು ಡಾಕ್ಟರರೊಡನೆ ಹಾಸ್ಯ ಮಾಡಿದೆ.

ಹಾಸ್ಯ ನನ್ನ ಮೇಲೆಯೇ ತಿರುಗಿಬಿತ್ತು. ಅವರು ಚೀಟಿ ಬರೆಯುತ್ತ, “ಪರೀಕ್ಷೆ ಅಂದಿರಲ್ಲ, ಎರಡು ಪರೀಕ್ಷೆ ಮಾಡಿಸಿಬಿಡೋಣ. ಒಂದು ಸಕ್ಕರೆ, ಇನ್ನೊಂದು ಎಚ್‌ಐವಿ” ಎಂದರು.

ನನಗೆ ಕಿವಿಯವರೆಗೆ ಬಿಸಿಯೇರಿತು. “ಏನು ಡಾಕ್ಟರೇ, ನೀವು ನನ್ನನ್ನು ಏನೆಂದು ತಿಳಿದಿದ್ದೀರಿ?” ಎಂದುಬಿಟ್ಟೆ. ಅವರು ಲೇಖನಿ ಕೆಳಗಿಟ್ಟರು. “ಉಬ್ಬಸ ಇರೋ ಮೇಷ್ಟ್ರು ಅಂತ ತಿಳಿದಿದ್ದೀನಿ. ಇನ್‌ಹೇಲರೇ ಕಾರಣ ಅಂತ ನನಗೆ ನೂರಕ್ಕೆ ತೊಂಬತ್ತು ಪಾಲು ಖಾತ್ರಿ. ಆದರೆ ನಿಮ್ಮ ವಯಸ್ಸಿನೋರ ಬಾಯಲ್ಲಿ ಇದು ಕಂಡರೆ ತಳವಾರ ಎದ್ದಿದ್ದಾನೋ ಮಲಗಿದ್ದಾನೋ ಅಂತ ನೋಡೋದು ನನ್ನ ಕೆಲಸ. ಸಕ್ಕರೆ ಪರೀಕ್ಷೆ ಅಂದಾಗ ನಿಮಗೆ ಸಿಟ್ಟು ಬರಲಿಲ್ಲವಲ್ಲ? ಬೇಡ ಅಂದರೆ ಬೇಡ. ನಿಮ್ಮ ಒಪ್ಪಿಗೆ ಇಲ್ಲದೆ ಮಾಡೋ ಹಾಗಿಲ್ಲ. 2017ರಲ್ಲಿ ಅದಕ್ಕೆ ಕಾನೂನೇ ಆಗಿದೆ.” ನಾಳೆ ಹೋಗುತ್ತೇನೆ ಎಂದು ಒಪ್ಪಿ, ನಾಲಗೆಗೆ ಹಚ್ಚುವ ಕ್ಲೋಟ್ರಿಮಜೋಲ್ ಔಷಧದ ಪುಟ್ಟ ಸೀಸೆಯನ್ನು ಕೊಂಡು ಮನೆಗೆ ಬಂದೆ.

ಆ ಸಂಜೆ ಕಾಫಿ ಕುಡಿದೆನಲ್ಲ, ಕುಡಿದ ಲೋಟವನ್ನು ನಾನೇ ತೊಳೆದು, ಒರೆಸಿ, ಅಡಿಗೆಮನೆಯ ಗೂಡಿನ ಮೂಲೆಯಲ್ಲಿ ಉಳಿದ ಲೋಟಗಳಿಗೆ ತಾಗದಂತೆ ಬೋರಲು ಹಾಕಿಟ್ಟೆ. ಬೇಕೆಂದು ಮಾಡಿದುದಲ್ಲ, ಕೈ ತಾನಾಗಿ ಮಾಡಿತು. ರಾತ್ರಿ ಪಾತ್ರೆ ಜೋಡಿಸುವಾಗ ನನ್ನಾಕೆ, “ಈ ಲೋಟ ಏಕ್ರೀ ಇಲ್ಲಿದೆ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಅದನ್ನು ಎತ್ತಿ ಸಾಲಿಗೆ ಸೇರಿಸಿದಳು. ನಾನು ಹಾಸಿಗೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಇನ್ನೊಂದು ಲೋಟ ಕಣ್ಣ ಮುಂದೆ ಬಂದು ನಿಂತಿತು.

ನಮ್ಮ ಹಿರಿಯರ ಮನೆ ತಿಪಟೂರಿನ ಕಡೆ. ನನ್ನ ದೊಡ್ಡಪ್ಪನ ಮಗ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಣ್ಣ ಎನ್ನುತ್ತೇನೆ, ಮನೆಯಲ್ಲಿಯೂ ಹಾಗೆಯೇ ಕರೆಯುವುದು. ಅವನ ನಾಮಕರಣಕ್ಕೆ ಯಾರೋ ನೆಂಟರು ಒಂದು ಸ್ಟೀಲಿನ ಲೋಟ ಕೊಟ್ಟಿದ್ದರು. ಅದರ ಮೈಮೇಲೆ ಚುಕ್ಕೆಚುಕ್ಕೆಯಾಗಿ ಅವನ ಹೆಸರು ಕೊರೆದಿತ್ತು. ಬೇಸಗೆಯ ರಜದಲ್ಲಿ ನಾವು ಮಕ್ಕಳೆಲ್ಲ ಸೇರಿದಾಗ ಆ ಲೋಟದಲ್ಲಿಯೇ ಹಾಲು ಬೇಕೆಂದು ನಾನು ಹಟ ಹಿಡಿಯುವುದು, ಕೊಡುವುದಿಲ್ಲವೆಂದು ಅವನು ಕಿತ್ತುಕೊಳ್ಳುವುದು, ಇಬ್ಬರಿಗೂ ದೊಡ್ಡಮ್ಮನಿಂದ ಒಂದೊಂದು ಗುದ್ದು ಬೀಳುವುದು, ಇವೆಲ್ಲ ಪ್ರತಿ ವರ್ಷದ ಉತ್ಸವ. ಅಣ್ಣ ಬಿ.ಕಾಂ. ಮುಗಿಸಿ ಒಂದು ಲಾರಿ ಆಫೀಸಿನಲ್ಲಿ ಗುಮಾಸ್ತನಾದ, ಊರೂರು ತಿರುಗಿದ. 2002ರ ಕೊನೆಯಲ್ಲಿ ಕೆಲಸ ಬಿಟ್ಟು, ಕೆಮ್ಮುತ್ತ, ಸೊರಗಿ, ಮನೆಗೆ ಬಂದ. ಪರೀಕ್ಷೆಯಾಯಿತು. ಗುಟ್ಟು ಒಂದು ವಾರ ಗುಟ್ಟಾಗಿತ್ತು. ಆಮೇಲೆ ಊರಿಗೆಲ್ಲ ಗೊತ್ತಾಯಿತು. ಹೇಗೆ ಬಂತು ಎಂದು ಕೇಳದ ಬಾಯಿಲ್ಲ. ಓದುಗರೂ ಈಗ ಮನಸ್ಸಿನಲ್ಲಿ ಅದನ್ನೇ ಕೇಳಿಕೊಳ್ಳುತ್ತಿರಬಹುದು. ನನಗೆ ಉಬ್ಬಸ ಹೇಗೆ ಬಂತೆಂದು ಒಬ್ಬರೂ ಇಂದಿನವರೆಗೆ ಅಷ್ಟು ಕುತೂಹಲದಿಂದ ಕೇಳಿಲ್ಲ. ಆದ್ದರಿಂದ ನಾನೂ ಈ ಪ್ರಶ್ನೆಗೆ ಉತ್ತರ ಹೇಳುವ ಗೋಜಿಗೆ ಹೋಗುವುದಿಲ್ಲ.

2003ರ ಯುಗಾದಿಗೆ ನಾನು ಊರಿಗೆ ಹೋದೆ. ಆಗ ಮಾನಸಗಂಗೋತ್ರಿಯಲ್ಲಿ ಎಂ.ಎ. ಕೊನೆಯ ವರ್ಷ. ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಅದಕ್ಕೆ ನಾಲ್ಕು ತಿಂಗಳ ಹಿಂದೆ, ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದಂದು, ನಮ್ಮ ಹಾಸ್ಟೆಲಿನಲ್ಲಿ ಪ್ರಬಂಧ ಸ್ಪರ್ಧೆ ನಡೆದಿತ್ತು. ನನಗೆ ಎರಡನೆಯ ಬಹುಮಾನ. ಆ ರೋಗಾಣು ಒಟ್ಟಿಗೆ ಕೂತು ಉಂಡರೆ ಅಂಟುವುದಿಲ್ಲ, ಒಂದೇ ಲೋಟದಲ್ಲಿ ಕುಡಿದರೆ ಅಂಟುವುದಿಲ್ಲ, ಕೈಕುಲುಕಿದರೆ ಅಂಟುವುದಿಲ್ಲ ಎಂದು ಮೂರು ವಾಕ್ಯಗಳನ್ನು ಒಂದೇ ಲಯದಲ್ಲಿ ಬರೆದಿದ್ದೆ. ಬಹುಮಾನ ಕೊಟ್ಟ ಹಿರಿಯರು ಆ ಭಾಗವನ್ನೇ ಎತ್ತಿ ಓದಿದ್ದರು. ಬರೆದದ್ದೆಲ್ಲವೂ ಸತ್ಯ. ಇಂದಿಗೂ ಸತ್ಯ.

ಅಣ್ಣ ಹಜಾರದ ಕಂಬಕ್ಕೆ ಒರಗಿ ಕೂತಿದ್ದ. ಬೇವುಬೆಲ್ಲ ಕೊಟ್ಟರು. ಅವನು ಬಾಯಿಗೆ ಹಾಕಿಕೊಂಡು ನಕ್ಕು, “ನನಗೆ ಎರಡೂ ಒಂದೇ ಆಗಿಬಿಟ್ಟಿದೆ ಕಣೋ. ಹತ್ತಿ ಅಗಿದ ಹಾಗಿರುತ್ತೆ” ಎಂದ. ನಕ್ಕಾಗ ಕಂಡೆ. ನಾಲಗೆ, ಅಂಗುಳ, ಒಸಡು ಎಲ್ಲ ಬೆಳ್ಳಗೆ ಕಟ್ಟಿಕೊಂಡಿತ್ತು. ಒಬ್ಬಟ್ಟು ಬಡಿಸಿದರು, ಒಂದು ಚೂರು ಮುರಿದು ಬಿಟ್ಟ. ಒಬ್ಬಟ್ಟಿನ ಸಾರು ಅವನಿಗೆ ಪ್ರಾಣ. ಬೆರಳ ತುದಿಯಲ್ಲಿ ನೆಕ್ಕಿ ಕಣ್ಣು ಮುಚ್ಚಿಕೊಂಡ. ಉರಿ. ಕೊನೆಗೆ ನೀರಾಗಿ ಕಲಸಿದ ಮೊಸರನ್ನ. ಅದನ್ನು ನುಂಗುವಾಗಲೂ ಪ್ರತಿ ತುತ್ತಿಗೆ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದ. ಬಿಳುಪು ಬಾಯನ್ನು ದಾಟಿ ಅನ್ನನಾಳಕ್ಕೆ ಇಳಿದಾಗ ಹೀಗೆ ನೋಯುತ್ತದೆ, ಅದು ರೋಗ ಬಲಿತದ್ದರ ಗುರುತು ಎಂದು ನಾನು ತಿಳಿದದ್ದು ಆಮೇಲೆ. ಆ ದಿನ ಕಂಡದ್ದು ಇಷ್ಟೆ: ಮನೆಯವರೆಲ್ಲರ ಊಟದ ಸಾಲಿನಿಂದ ಮೂರು ಮಾರು ದೂರ ಅವನ ಎಲೆ. ನೀರಿಗೆ ಅವನ ಹೆಸರು ಕೊರೆದ ಆ ಹಳೆಯ ಲೋಟ. ಅಡಿಗೆಮನೆಯಲ್ಲಿ ಅದಕ್ಕೆ ಬೇರೆ ಗೂಡು. ಅದಕ್ಕಾಗಿ ಕಿತ್ತಾಡುವವರು ಈಗ ಯಾರೂ ಇರಲಿಲ್ಲ.

ಮಧ್ಯಾಹ್ನ ಎಲ್ಲರಿಗೂ ಕಾಫಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅಣ್ಣ ಲೋಟವನ್ನು ನೆಲದ ಮೇಲಿಟ್ಟು ನನ್ನ ಕಡೆ ಸರಿಸಿದ. ನಾನು ಪಾತ್ರೆಯನ್ನು ಬಗ್ಗಿಸಿದೆ. ಬಗ್ಗಿಸುವಾಗ ಪಾತ್ರೆಯ ಅಂಚು ಅವನ ಲೋಟಕ್ಕೆ ತಾಗಬಾರದೆಂದು ಅದನ್ನು ಒಂದು ಮೊಳ ಮೇಲಕ್ಕೆ ಎತ್ತಿ ಹಿಡಿದೆ. ಕಾಫಿ ಸುತ್ತ ಚೆಲ್ಲಿತು. ಒಂದೆರಡು ಹನಿ ಅವನ ಕಾಲಿನ ಮೇಲೆ ಬಿತ್ತು. ಅವನು ಒಂದು ಕ್ಷಣ ನನ್ನ ಮುಖವನ್ನೇ ನೋಡಿ, ಮೆಲ್ಲಗೆ, “ಚೆಲ್ಲುತ್ತೆ ಕಣೋ; ಹತ್ತಿರ ತಂದು ಬಗ್ಗಿಸು” ಎಂದ. ನಾನು ಹತ್ತಿರ ತರಲಿಲ್ಲ. ಉಳಿದದ್ದನ್ನೂ ಎತ್ತರದಿಂದಲೇ ಬಗ್ಗಿಸಿ ಒಳಗೆ ಹೋದೆ. ಬಹುಮಾನದ ಪ್ರಬಂಧ ಬರೆದ ಕೈಯೇ ಅದು.

ಈ ಬಿಳುಪಿನ ಚರಿತ್ರೆಯನ್ನು ಆಮೇಲೆ ನಾನು ಸಿಕ್ಕಸಿಕ್ಕಲ್ಲಿ ಓದಿದ್ದೇನೆ. ಪ್ರಾಯಶ್ಚಿತ್ತವೆಂದು ಬೇಕಾದರೆ ಕರೆಯಿರಿ. ಗ್ರೀಸಿನ ಹಿಪೋಕ್ರಟೀಸನ ಗ್ರಂಥಗಳಲ್ಲಿಯೇ ಸೊರಗಿದ ರೋಗಿಗಳ ಬಾಯಲ್ಲಿ ಕಾಣುವ ಇಂಥ ಹುಣ್ಣಿನ ಪ್ರಸ್ತಾಪವಿದೆ. ಕೂಸುಗಳಿಗೂ ಮುದುಕರಿಗೂ ಬರುವ ಸಣ್ಣ ಕಾಟವೆಂದೇ ಬಹುಕಾಲ ಎಣಿಸಿದ್ದರು. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರದ ವರದಿಯಲ್ಲಿ ಲಾಸ್ ಏಂಜಲೀಸ್ ನಗರದ ಐವರು ತರುಣರ ವಿಷಯ ಅಚ್ಚಾಯಿತು. ಹಿಂದೆ ಗಟ್ಟಿಮುಟ್ಟಾಗಿದ್ದವರು, ಅಪರೂಪದ ಒಂದು ಬಗೆಯ ನ್ಯುಮೋನಿಯದಿಂದ ಮಲಗಿದ್ದರು, ವರದಿ ಹೊರಬೀಳುವ ಹೊತ್ತಿಗೆ ಇಬ್ಬರು ತೀರಿಕೊಂಡಿದ್ದರು. ಏಡ್ಸ್ ಎಂದು ಮುಂದೆ ಹೆಸರಾದ ರೋಗದ ಮೊದಲ ಲಿಖಿತ ದಾಖಲೆ ಅದು. ಆ ಐವರಿಗೂ ಕ್ಯಾಂಡಿಡಾದ ಸೋಂಕಿತ್ತು. ರೋಗಕ್ಕೆ ಇನ್ನೂ ಹೆಸರಿಲ್ಲ, ರೋಗಾಣುವನ್ನು ಯಾರೂ ಕಂಡಿಲ್ಲ. ಬಿಳುಪು ಮಾತ್ರ ಆಗಲೇ ಬಂದು ಕೂತಿತ್ತು. ಪ್ಯಾರಿಸ್ಸಿನಲ್ಲಿ ವೈರಸ್ಸನ್ನು ಗುರುತಿಸಿದ್ದು 1983ರಲ್ಲಿ. ಬೇರೆ ಕಾರಣವಿಲ್ಲದೆ ಬಾಯಿ ಬೆಳ್ಳಗಾದರೆ ಅದು ಏಡ್ಸಿನ ಮುನ್ಸೂಚನೆಯಾಗಬಹುದು ಎಂದು 1984ರಲ್ಲಿ ವೈದ್ಯರು ಬರೆದರು. ನಮ್ಮ ದೇಶದಲ್ಲಿ 1986ರಲ್ಲಿ ಚೆನ್ನೈಯ ಸುನೀತಿ ಸಾಲೊಮನ್ ಮತ್ತು ಅವರ ಶಿಷ್ಯೆ ನಿರ್ಮಲಾ ಅವರು ರಕ್ತಪರೀಕ್ಷೆಯಿಂದ ಈ ಸೋಂಕನ್ನು ಮೊದಲು ಪತ್ತೆ ಹಚ್ಚಿದರು.

ಡಾಕ್ಟರರ ತಳವಾರನ ಹೆಸರು ಸಿಡಿ4 ಕಣ. ವೈರಸ್ಸು ಹಿಡಿದು ಕೊಲ್ಲುವುದು ಅವನನ್ನೇ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ 500ಕ್ಕೆ ಮೇಲಿರಬೇಕಾದ ಈ ಕಣಗಳು 200ಕ್ಕಿಂತ ಕೆಳಕ್ಕೆ ಇಳಿದಾಗ ಬಾಯಿಯ ಬಿಳುಪು ಬಹಳ ಮಂದಿಯನ್ನು ಕಾಡುತ್ತದೆ. ಎಚ್‌ಐವಿ ಇರುವವರ ಬಾಯಲ್ಲಿ, ಚಕ್ಕೆಯೊಂದೂ ಕಾಣದಿರುವಾಗಲೂ, ಈ ಯೀಸ್ಟು ಉಳಿದವರಿಗಿಂತ ಹೆಚ್ಚಾಗಿ ಮನೆ ಮಾಡಿಕೊಂಡಿರುತ್ತದೆ. ಬಿಳುಪಿಗೆ ಫ್ಲುಕೊನಜೋಲ್ ಮಾತ್ರೆ ಉಂಟು; ಒಂದೆರಡು ವಾರದಲ್ಲಿ ಬಾಯಿ ತಿಳಿಯಾಗುತ್ತದೆ. ಆದರೆ ತಳವಾರ ಏಳದೆ ಇದ್ದರೆ ಮತ್ತೆ ಬರುತ್ತದೆ. ಮತ್ತೆ ಮಾತ್ರೆ, ಮತ್ತೆ ಬಿಳುಪು. ಹೀಗೆ ಹಲವು ಸಲ ಆದಮೇಲೆ ಆ ಮಾತ್ರೆಗೂ ಜಗ್ಗದ ತಳಿಗಳು ಹುಟ್ಟಿಕೊಂಡು ವೈದ್ಯರನ್ನು ಗೋಳುಹೊಯ್ದುಕೊಂಡದ್ದುಂಟು. ಬಾಗಿಲು ಮುರಿದ ಮನೆಯಲ್ಲಿ ಇಲಿಯನ್ನು ಎಷ್ಟು ಸಲ ಓಡಿಸಿದರೇನು?

ಅಣ್ಣನ ಬಾಗಿಲಿಗೆ ಹಲಗೆ ಬಿದ್ದದ್ದು 2004ರಲ್ಲಿ. ಆ ವರ್ಷ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಎಚ್‌ಐವಿಯನ್ನು ಹತ್ತಿಕ್ಕುವ ಔಷಧವನ್ನು ಉಚಿತವಾಗಿ ಕೊಡಲು ತೊಡಗಿತು. ಮೊದಲಿಗೆ ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಮತ್ತು ದೆಹಲಿಯಲ್ಲಿ. ಆ ಆರರಲ್ಲಿ ಕರ್ನಾಟಕವೂ ಒಂದು. ಅಣ್ಣನ ಕಣಗಳ ಎಣಿಕೆ ಆಗ 86. ದೊಡ್ಡಮ್ಮ ತಿಂಗಳಿಗೊಮ್ಮೆ ಅವನ ಕೈ ಹಿಡಿದುಕೊಂಡು ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಮಾತ್ರೆ ತಂದಳು. ಮೊದಲು ದಿನಕ್ಕೆರಡು ಹೊತ್ತು ನುಂಗಬೇಕಾಗಿತ್ತು, ವಾಕರಿಕೆ, ತಲೆಸುತ್ತು. ಆರು ತಿಂಗಳಿಗೆ ಬಾಯಿ ಕೆಂಪಗಾಯಿತು. ವರ್ಷಕ್ಕೆ ಮೈ ತುಂಬಿತು. ಮನೆಯಲ್ಲಿ ಆ ಲೋಟ ಯಾವತ್ತು ಸಾಲಿಗೆ ಸೇರಿತೋ ನನಗೆ ತಿಳಿಯದು. ಅವನು ತುಮಕೂರಿಗೆ ಹೋಗಿ ಒಂದು ಕಾಲೇಜಿನ ಎದುರಿಗೆ ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ ಇಟ್ಟ. ನನ್ನ ಹಳೆಯ ಪುಸ್ತಕಗಳಿಗೆ ಕ್ಯಾಲಿಕೊ ರಟ್ಟು ಕಟ್ಟಿಕೊಡುವವನು ಅವನೇ. ಹೋಗುತ್ತೇನೆ, ಬರುತ್ತೇನೆ, ನಗುತ್ತೇವೆ, ಊಟ ಮಾಡುತ್ತೇವೆ. ಆ ಯುಗಾದಿಯ ಮಾತನ್ನು ಮಾತ್ರ ಇಬ್ಬರೂ ಎತ್ತಿರಲಿಲ್ಲ.

ಮರುದಿನ ನಾನು ಸರ್ಕಾರಿ ಆಸ್ಪತ್ರೆಯ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋದೆ. ಮರದ ಬೆಂಚು. ಇಪ್ಪತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ಗತ್ತಿನಿಂದ ಅತ್ತಿಂದಿತ್ತ ತಿರುಗಿದವನು ಈಗ ಕ್ಯಾಂಡಿಡೇಟಾಗಿ ಕೂತೆ. ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದೆ. ಒಂದು ಅಕ್ಷರ ಓದಲಿಲ್ಲ. “ನಮಸ್ಕಾರ ಸರ್” ಎಂದಿತು ಪಕ್ಕದಿಂದ ಒಂದು ದನಿ. ಹಳೆಯ ವಿದ್ಯಾರ್ಥಿ. ಇಬ್ಬರಿಗೂ ಏನು ಹೇಳಬೇಕೆಂದು ತೋರಲಿಲ್ಲ. ನೀನೇಕೆ ಇಲ್ಲಿ ಎಂದು ನಾನು ಕೇಳಲಿಲ್ಲ, ಅವನೂ ಕೇಳಲಿಲ್ಲ. ಬೆಂಚಿನ ತುದಿಯಲ್ಲಿ ಅರ್ಧ ಕೂತಿದ್ದ ನನಗೆ ಅವನು ಒಳಕ್ಕೆ ಸರಿದು ಸರಿಯಾಗಿ ಜಾಗ ಮಾಡಿಕೊಟ್ಟ. ಅವನು ಹತ್ತಿರ ಸರಿದು ಕೂತ ರೀತಿಯನ್ನು ನಾನು ಮರೆಯಲಾರೆ. ಅವನಿಗೆ ಯಾರೂ ಬಹುಮಾನ ಕೊಟ್ಟಿರಲಿಲ್ಲ.

ಒಳಗೆ ಸಮಾಲೋಚಕಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪರೀಕ್ಷೆಯೆಂದರೇನು, ಫಲಿತಾಂಶ ಹೀಗಾದರೆ ಏನು, ಹಾಗಾದರೆ ಏನು, ಎಲ್ಲವನ್ನೂ ನಿಧಾನವಾಗಿ ಹೇಳಿ, ಒಪ್ಪಿಗೆ ಪಡೆದು, ಏನೇ ಆದರೂ ವಿಷಯ ಹೊರಗೆ ಹೋಗುವುದಿಲ್ಲ ಎಂದಳು. ಈಗ ಬಹಳ ಮಂದಿಗೆ ದಿನಕ್ಕೊಂದೇ ಮಾತ್ರೆ ಸಾಕು. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ಸು ಎಣಿಕೆಗೆ ಸಿಕ್ಕದಷ್ಟು ಕಡಮೆಯಾಗಿ ಹಾಗೆಯೇ ಉಳಿದರೆ, ಗಂಡಹೆಂಡಿರ ಸಂಬಂಧದಿಂದಲೂ ಅದು ಇನ್ನೊಬ್ಬರಿಗೆ ದಾಟುವುದಿಲ್ಲ ಎಂದಳು. ನಾನು ಗಟ್ಟಿಯಾಗಿ ತಲೆಯಾಡಿಸಿದೆ, ಪಾಠ ಕೇಳುವ ಒಳ್ಳೆಯ ಹುಡುಗನಂತೆ. ರಕ್ತ ಕೊಟ್ಟು ಹೊರಗೆ ಕಾದೆ. ನನ್ನ ನಡತೆ ನನಗೆ ಗೊತ್ತು, ಹೆದರಲು ಕಾರಣವಿರಲಿಲ್ಲ. ಆದರೂ ಹೆದರಿದೆ. ಆ ಹೆದರಿಕೆಯ ಒಳಹೊಕ್ಕು ನೋಡಿದಾಗ ಅಲ್ಲಿ ಸಾವು ಇರಲಿಲ್ಲ. ಮೂರು ಮಾರು ದೂರ ಹಾಕಿದ ಎಲೆ ಇತ್ತು. ಒಂದು ಮೊಳ ಎತ್ತರದಿಂದ ಸುರಿಯುವ ಕಾಫಿ ಇತ್ತು. ಅಂದು ನಾನು ಅಣ್ಣನಿಗೆ ಕೊಟ್ಟದ್ದನ್ನೇ ಲೋಕ ನನಗೆ ಕೊಟ್ಟೀತೆಂದು ಹೆದರಿದ್ದೆ.

ಸೋಂಕು ಇಲ್ಲ ಎಂದು ಚೀಟಿ ಬಂತು. ಸಕ್ಕರೆಯೂ ಸರಿಯಾಗಿತ್ತು. ಗೇಟಿನವರೆಗೆ ನಡೆದು ಬರುವಷ್ಟರಲ್ಲಿ ಮೈ ಹಗುರವಾಗಿ ಹಾಡು ಹೇಳಬೇಕೆನ್ನಿಸಿತು. ಬೆಂಚಿನ ಮೇಲೆ ಆ ಹುಡುಗ ಇನ್ನೂ ಕೂತಿರುವುದು ನೆನಪಾಯಿತು. ನನ್ನ ಸಂತೋಷ ನನಗೇ ನಾಚಿಕೆ ತಂದಿತು. ಹಿಂದಿರುಗಿ ಹೋಗಿ ಅವನ ಪಕ್ಕದಲ್ಲಿ, ಅವನನ್ನು ಕರೆಯುವವರೆಗೆ, ಏನೂ ಮಾತನಾಡದೆ ಕೂತಿದ್ದು ಬಂದೆ.

ಔಷಧ ಹಚ್ಚಿ, ಇನ್‌ಹೇಲರ್ ಎಳೆದಾಗಲೆಲ್ಲ ಬಾಯಿ ಮುಕ್ಕಳಿಸಿ, ಎರಡು ವಾರದಲ್ಲಿ ನಾಲಗೆ ಮೊದಲಿನಂತಾಯಿತು. ಅದಾದ ಭಾನುವಾರ ಬೈಂಡಿಂಗಿಗೆ ನಾಲ್ಕು ಪುಸ್ತಕ ಹಿಡಿದು ತುಮಕೂರಿಗೆ ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿಯೇ ಅಣ್ಣನ ಬಿಡಾರ. ಸರಸಿನ ಪಾತ್ರೆಯನ್ನು ಸರಿಸಿ ಸ್ಟೌವಿನ ಮೇಲೆ ಹಾಲಿಟ್ಟ. ನಾನು ಬಾಯಿ ಬೆಳ್ಳಗಾದ ಕಥೆಯನ್ನೂ ಪರೀಕ್ಷೆಯ ಕಥೆಯನ್ನೂ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕಾಫಿ ಬೆರೆಸುತ್ತ, “ಹಾಗಾದರೆ ನಿನಗೂ ಒಂದು ಲೋಟ ಬೇರೆ ಇಡಲೇನೋ?” ಎಂದು ಕೇಳಿ, ಗೂಡಿನಿಂದ ಎರಡು ಲೋಟ ತೆಗೆದ. ಅದರಲ್ಲಿ ಒಂದು ಹೆಸರು ಕೊರೆದದ್ದು. ಅಕ್ಷರಗಳು ಸವೆದು ಚುಕ್ಕೆಗಳು ಮಾತ್ರ ಉಳಿದಿದ್ದುವು. ಅದನ್ನು ನನ್ನ ಮುಂದಿಟ್ಟು, ಪಾತ್ರೆಯ ಅಂಚನ್ನು ಅದರ ಅಂಚಿಗೆ ತಾಗಿಸಿ, ಒಂದು ಹನಿಯೂ ಚೆಲ್ಲದಂತೆ ಬಗ್ಗಿಸಿದ.

“ಅಣ್ಣ, ಆ ಯುಗಾದಿ ನೆನಪಿದೆಯೇ?” ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

“ನೆನಪಿಲ್ಲದೆ ಏನು? ಅವತ್ತು ನೀನು ಕೊಟ್ಟ ಕಾಫಿ ಬಿಸಿ ಇತ್ತು ಅನ್ನೋದು ಕಾಲಿಗೆ ಗೊತ್ತಾಯಿತು, ಬಾಯಿಗೆ ರುಚಿ ಗೊತ್ತಾಗಲಿಲ್ಲ” ಎಂದು ಅವನು ತನ್ನ ಲೋಟವನ್ನು ಎತ್ತಿಕೊಂಡ. “ಈಗ ಗೊತ್ತಾಗುತ್ತೆ. ಕುಡಿಯೋ, ಆರಿಹೋಗುತ್ತೆ.”